26 ಗಂಟೆಯ ಯಕ್ಷಗಾನ

ಆಟಿ ತಿಂಗಳ ಒಂದು ಸೋಮವಾರ ಮಧ್ಯಾಹ್ನ. ಹೊರಗೆ ಮಳೆ ಹೊಯ್ಯುತ್ತಿತ್ತು. ಊಟ ಮುಗಿಸಿ ಕೈ ತೊಳೆಯುತ್ತಿದ್ದೆ, ಚಾವಡಿಯಿಂದ ಅಪ್ಪ ಕರೆದರು.

"ಎಂತ ಮಾರಾಯ ಇದು? ಬೆಳಗಿನವರೆಗೆ ಆಡಿದ ಆಟ ನೋಡಿದ್ದುಂಟು. ಮರುದಿನ ರಾತ್ರಿ ಕಳೆದರೂ ಮುಗಿಯದ ಆಟ ಯಾವ ಮೇಳದ್ದು?"

ಹೋಗಿ ನೋಡಿದರೆ ಟಿವಿಯ ಕೆಳಗಿನ ಪಟ್ಟಿಯಲ್ಲಿ ಒಟ್ಟು ಅವಧಿ 26 ಗಂಟೆ 30 ನಿಮಿಷ ಎಂದಿತ್ತು. ನಾನು ರೆಕಾರ್ಡ್ ಮಾಡಿಟ್ಟದ್ದು ಒಂದು ಗಂಟೆ ಹತ್ತು ನಿಮಿಷದ ಯಕ್ಷಗಾನ. ಅರ್ಧ ಗಂಟೆ ಸರಿಯಾಗಿ ಓಡಿದೆ, ಆಮೇಲೆ ಭಾಗವತರ ಬಾಯಿ ತೆರೆದದ್ದು ತೆರೆದ ಹಾಗೇ ನಿಂತುಬಿಟ್ಟಿದೆ. ಮುಂದೆ ಓಡಿಸಲು ಹೋದರೆ ಮತ್ತೆ ಮೊದಲಿನಿಂದ ಶುರು. ಇದು ಮೊದಲ ಸಲ ಅಲ್ಲ. ಅಪ್ಪ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ರೆಕಾರ್ಡಿಂಗ್ ಕೈಕೊಟ್ಟ ದಿನಗಳಿಗೆ ಗುಣಿಸು ಗುರುತು ಹಾಕುತ್ತಾ ಬಂದಿದ್ದರು. ತಿಂಗಳಿಗೆ ಮೂರು, ಹೆಚ್ಚೂಕಡಿಮೆ. ನಾನು ಅದನ್ನು ಸುಮ್ನೆ ನೋಡಿ ಬಿಟ್ಟಿದ್ದೆ. ಮಳೆ ಇರಬಹುದು, ಕರೆಂಟು ಹೋಗಿರಬಹುದು, ಟಿವಿಯೇ ಹಳತು ಅಂತ ಸಮಾಧಾನ ಹೇಳಿಕೊಂಡಿದ್ದೆ.

ಈ ವ್ಯವಸ್ಥೆ ಕಟ್ಟಿದ್ದು ಹೇಗೆ ಅಂತ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಆ 26 ಗಂಟೆ ಎಲ್ಲಿಂದ ಬಂತು ಅಂತ ಅರ್ಥ ಆಗುವುದಿಲ್ಲ.

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ, ಅಡಿಕೆ ತೋಟದ ನಡುವಿನ ಹಳೇ ಮನೆ. ಕೆಂಪುಕಲ್ಲಿನ ದಪ್ಪ ಗೋಡೆ. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿದ ಮೇಲೆ ಇಲ್ಲಿ ಬರುವ ಕೇಬಲ್‌ನಲ್ಲಿ ಮಲಯಾಳಂ ಚಾನೆಲ್‌ಗಳೇ ಜಾಸ್ತಿ ಇರುವುದು ಸಹಜ, ಅದಕ್ಕೆ ದೂರು ಇಲ್ಲ, ಅಮ್ಮ ಮಲಯಾಳಂ ಧಾರಾವಾಹಿಯನ್ನು ನನಗಿಂತ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾರೆ. ಆದರೆ ಅಪ್ಪನಿಗೆ ಚಂದನ ಬೇಕು. ರಾತ್ರಿಯ ಕ್ವಿಜ್ ಬೇಕು, ಯಾವಾಗಲೋ ಒಮ್ಮೆ ಬರುವ ಯಕ್ಷಗಾನ ಬೇಕು. ಹಾಗಾಗಿ ವರ್ಷಗಳಿಂದ ಟೆರೇಸಿನ ಮೇಲೆ ದೂರದರ್ಶನದ ಫ್ರೀ ಡಿಶ್ ಇದೆ. 2004ರಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅಂತ ಶುರುವಾಯಿತಲ್ಲ, ಅದೇ. ತಿಂಗಳ ಬಾಡಿಗೆ ಇಲ್ಲ.

ತೊಂದರೆ ಏನೆಂದರೆ ಅಪ್ಪ ರಾತ್ರಿ ಒಂಬತ್ತಕ್ಕೆ ಮಲಗುವವರು. ಬೇಕಾದದ್ದು ಬರುವುದು ಅದರ ನಂತರ. ಮತ್ತೆ ಮೇ ಕೊನೆಯ ಪತ್ತನಾಜೆಗೆ ಮೇಳಗಳೆಲ್ಲ ಗೆಜ್ಜೆ ಬಿಚ್ಚಿದ ಮೇಲೆ ದೀಪಾವಳಿವರೆಗೆ ಬಯಲಾಟ ಇಲ್ಲ, ಮಳೆಗಾಲದ ಮಧ್ಯಾಹ್ನ ಕಳೆಯುವುದು ಕಷ್ಟ. ಬೇಕಾದದ್ದನ್ನು ರಾತ್ರಿ ತಾನೇ ರೆಕಾರ್ಡ್ ಮಾಡಿ, ಹಗಲು ಚಾವಡಿಯ ಟಿವಿಯಲ್ಲಿ, ಮಾಳಿಗೆಯ ಟಿವಿಯಲ್ಲಿ, ಅಮ್ಮನ ಫೋನಿನಲ್ಲಿ, ಎಲ್ಲಿ ಬೇಕಾದರೂ ನೋಡುವ ಹಾಗೆ ಮಾಡಬೇಕು. ವಿಷು ಕಳೆದ ಮೇಲೆ ಕೆಲಸ ಶುರು ಮಾಡಿದೆ.

ಸರ್ವರ್ ಅಂದರೆ ದೊಡ್ಡದೇನಲ್ಲ. ಪರದೆಯ ಮೂಲೆ ಒಡೆದ ಹಳೇ ಲ್ಯಾಪ್‌ಟಾಪ್, 4 ಜಿಬಿ ಮೆಮೊರಿ, ಅದರಲ್ಲಿ ಡೆಬಿಯನ್ ಎಂಬ ಲಿನಕ್ಸ್. ನಮ್ಮ ಕಡೆಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ ಅನ್ನುತ್ತೇನೆ, ಯಾಕೆಂದರೆ ಲ್ಯಾಪ್‌ಟಾಪಿನ ಬ್ಯಾಟರಿಯೇ ಯುಪಿಎಸ್. ಹೊರಗಿನಿಂದ 2 ಟಿಬಿ ಹಾರ್ಡ್ ಡಿಸ್ಕ್. ಸಾಧಾರಣ ಚಾನೆಲ್ ಒಂದು ಸೆಕೆಂಡಿಗೆ 2.5 ಮೆಗಾಬಿಟ್ ಅಂತ ಹಿಡಿದರೆ ಗಂಟೆಗೆ 1.1 ಜಿಬಿ ಆಗುತ್ತದೆ, ದಿನಕ್ಕೆ ಮೂರು ಗಂಟೆಯಂತೆ ಒಂದು ವರ್ಷದ ಮೇಲೆ ಬರುತ್ತದೆ. ಇಟ್ಟದ್ದು ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿ, ತೆಂಗಿನೆಣ್ಣೆ ಡಬ್ಬದ ಮೇಲಿನ ಹಲಗೆಯಲ್ಲಿ. ನೆಟ್‌ವರ್ಕಿನಲ್ಲಿ ಅದರ ಹೆಸರೂ ಉಗ್ರಾಣ. ಟಿವಿಗಳು ಚಾವಡಿ ಮತ್ತು ಮಾಳಿಗೆ.

ಸ್ಯಾಟಲೈಟ್ ಹಿಡಿಯಲು ಡಿವಿಬಿಸ್ಕೈ ಎಸ್960 ಎಂಬ ಯುಎಸ್‌ಬಿ ಟ್ಯೂನರ್. ಇದನ್ನೇ ಆರಿಸಿದ್ದಕ್ಕೆ ಒಂದೇ ಕಾರಣ, ಇದರ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೇ ಇದೆ. ಹೊರಗಿನಿಂದ ಡ್ರೈವರ್ ತಂದು ಕಟ್ಟುವ ಟ್ಯೂನರ್ ಆದರೆ ಪ್ರತಿ ಸಲ ಕರ್ನಲ್ ಹೊಸತಾದಾಗ ಮತ್ತೆ ಕಟ್ಟಬೇಕು, ಅದು ನನಗೆ ಬೇಡ. ಸಿಗ್ನಲ್ ಬಿಡಿಸುವ ಡಿಮಾಡ್ಯುಲೇಟರ್ ಚಿಪ್‌ಗೆ ಒಂದು ಫರ್ಮ್‌ವೇರ್ ಫೈಲ್ ಮಾತ್ರ ಬೇರೆಯಾಗಿ ಹಾಕಬೇಕು. ಅದಿಲ್ಲದಿದ್ದರೆ ಟ್ಯೂನರ್ ಇದ್ದ ಹಾಗೇ ಕಾಣುತ್ತದೆ, ಚಾನೆಲ್ ಹುಡುಕಲು ಹೇಳಿದಾಗ ಮಾತ್ರ ಸುಮ್ಮನಿರುತ್ತದೆ. ಲಾಗ್ ನೋಡಿದರೆ ಕಾರಣ ಬರೆದಿರುತ್ತದೆ. ನಾನು ಲಾಗ್ ನೋಡಿದ್ದು ಎರಡು ದಿನ ಕಳೆದ ಮೇಲೆ.

ಆಮೇಲೆ ಸ್ಪ್ಲಿಟರ್. ಇದ್ದ ಸೆಟ್‌ಟಾಪ್ ಬಾಕ್ಸನ್ನು ತೆಗೆಯಲು ಮನೆಯಲ್ಲಿ ಒಪ್ಪಿಗೆ ಇಲ್ಲ. ಒಂದೇ ಡಿಶ್‌ನ ವಯರನ್ನು ಬಾಕ್ಸಿಗೂ ಟ್ಯೂನರಿಗೂ ಹಂಚಬೇಕು. ಸಾಮಾನ್ಯವಾಗಿ ಇದು ಸುಲಭ ಅಲ್ಲ, ಯಾಕೆಂದರೆ ಡಿಶ್‌ನ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೆ 13 ವೋಲ್ಟ್ ಕೊಟ್ಟರೆ ವರ್ಟಿಕಲ್ ಅಲೆ, 18 ಕೊಟ್ಟರೆ ಹಾರಿಜಾಂಟಲ್ ಅಲೆ, ಇಬ್ಬರು ಎರಡು ಬೇರೆ ಬೇರೆ ಕೇಳಿದರೆ ಜಗಳ. ಅದೃಷ್ಟಕ್ಕೆ ನಾನು ಹಿಡಿಯುವ ಫ್ರೀ ಡಿಶ್ ಚಾನೆಲ್‌ಗಳೆಲ್ಲ ವರ್ಟಿಕಲ್, ಎಲ್ಲ ಕೆಳಗಿನ ಬ್ಯಾಂಡಿನಲ್ಲೇ. ಇಬ್ಬರೂ ಕೇಳುವುದು 13 ವೋಲ್ಟೇ. ಹಾಗಾಗಿ ಕರೆಂಟು ದಾಟಿಸುವ ಸಾದಾ ಸ್ಪ್ಲಿಟರ್ ಸಾಕು.

ಸಾಕು ಅಂದುಕೊಂಡು ಪೇಟೆಯಿಂದ ಒಂದು ತಂದು ಹಾಕಿದೆ. ಬಾಕ್ಸೂ ಹೋಯಿತು, ಟ್ಯೂನರೂ ಹೋಯಿತು. ಸಿಗ್ನಲ್ ಇಲ್ಲ. ವಯರ್ ತುದಿ ಮೂರು ಸಲ ಸುಲಿದು ಕಟ್ಟಿದೆ. ಕೊನೆಗೆ ಸ್ಪ್ಲಿಟರನ್ನು ಕೈಯಲ್ಲಿ ಹಿಡಿದು ಟಾರ್ಚ್ ಬಿಟ್ಟು ಓದಿದರೆ ಮೈಮೇಲೆಯೇ ಸಣ್ಣ ಅಕ್ಷರದಲ್ಲಿ 5ರಿಂದ 1000 ಮೆಗಾಹರ್ಟ್ಸ್ ಅಂತ ಬರೆದಿದೆ. ಅದು ಕೇಬಲ್ ಟಿವಿಯ ಸ್ಪ್ಲಿಟರ್. ಡಿಶ್‌ನಿಂದ ಇಳಿಯುವ ವಯರಿನಲ್ಲಿ ಬರುವುದು 950ರಿಂದ 2150. ಲೆಕ್ಕ ಹೀಗೆ: ಆಕಾಶದಿಂದ ಬಂದದ್ದು 11090 ಮೆಗಾಹರ್ಟ್ಸ್ ಇದ್ದರೆ ಎಲ್‌ಎನ್‌ಬಿ ಅದರಿಂದ 9750 ಕಳೆದು 1340 ಮಾಡಿ ಕೆಳಗೆ ಕಳಿಸುತ್ತದೆ. 1000ದಲ್ಲೇ ಬಾಗಿಲು ಹಾಕುವ ಸ್ಪ್ಲಿಟರಿಗೆ 1340 ಎಲ್ಲಿಂದ ದಾಟಬೇಕು? ಅಂಗಡಿಯವರ ತಪ್ಪಲ್ಲ, ನಾನು ಕೇಳಿದ್ದು "ಟಿವಿ ಸ್ಪ್ಲಿಟರ್ ಕೊಡಿ" ಅಂತ. ಮಂಗಳೂರಿಗೆ ಹೋದಾಗ ಸ್ಯಾಟಲೈಟಿನದ್ದೇ ಅಂತ ಕೇಳಿ ತಂದೆ. ಹಾಕಿದ ಕೂಡಲೇ ಎರಡೂ ಎದ್ದವು.

ರೆಕಾರ್ಡ್ ಮಾಡುವ ಕೆಲಸ ಟಿವಿಹೆಡ್ಎಂಡ್ ಎಂಬ ತಂತ್ರಾಂಶದ್ದು. ಬ್ರೌಸರಿನಲ್ಲಿ 9981 ಪೋರ್ಟ್ ತೆರೆದರೆ ಅದರ ಮುಖ ಕಾಣುತ್ತದೆ. ಕಾರ್ಯಕ್ರಮ ಪಟ್ಟಿಯನ್ನು ನೆಚ್ಚಿ ಕೂರದೆ ಸಮಯ ಕೊಟ್ಟು ರೆಕಾರ್ಡ್ ಮಾಡುವುದನ್ನೇ ಇಟ್ಟುಕೊಂಡೆ. ಮೊದಲ ರಾತ್ರಿ ಒಂಬತ್ತೂವರೆಗೆ ಇಟ್ಟೆ. ಬೆಳಗ್ಗೆ ನೋಡಿದರೆ ರಾತ್ರಿ ಮೂರು ಗಂಟೆಗೆ ಏನು ಬಂದಿತ್ತೋ ಅದು ಸಿಕ್ಕಿತು. ಐದೂವರೆ ಗಂಟೆಯ ವ್ಯತ್ಯಾಸ ಅಂದ ಕೂಡಲೇ ಗೊತ್ತಾಗಬೇಕು, ಲ್ಯಾಪ್‌ಟಾಪ್ ಗ್ರೀನಿಚ್ ಸಮಯದಲ್ಲಿ ಕೂತಿದೆ. ಸಮಯ ವಲಯ ಸರಿ ಮಾಡಿ ಟಿವಿಹೆಡ್ಎಂಡ್ ಒಮ್ಮೆ ನಿಲ್ಲಿಸಿ ಶುರು ಮಾಡಿದೆ. ಎರಡನೇ ರಾತ್ರಿ ಏನೂ ಇಲ್ಲ. ಖಾಲಿ. ಧೂಳು ಬೀಳುತ್ತದೆ ಅಂತ ಅಮ್ಮ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದ್ದರು, ಅದು ನಿದ್ದೆಗೆ ಹೋಗಿತ್ತು. ಮುಚ್ಚಳ ಮುಚ್ಚಿದರೂ ಮಲಗಬೇಡ ಅಂತ ಲಿನಕ್ಸ್ ನಡೆಸುವ ಸಿಸ್ಟಮ್‌ಡಿಯ ಲಾಗಿನ್‌ಡಿ ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಾಲು ಬರೆದರೆ ಆಯಿತು. ಈಗ ಅದರ ಮೇಲೆ ಒಂದು ಹಳೇ ಬೈರಾಸೂ ಹೊದಿಸಿದ್ದಾರೆ, ಗಾಳಿ ಬಿಡುವ ಕಡೆ ಬಿಟ್ಟು ಹೊದಿಸಿ ಅಂತ ಹೇಳಿ ಒಪ್ಪಿಸಿದ್ದೇನೆ.

ಕರೆಂಟು ಹೋದಾಗ ಇನ್ನೊಂದು ಗೊತ್ತಾಯಿತು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಬದುಕುತ್ತದೆ, ಆದರೆ ಟ್ಯೂನರಿಗೆ ಬೇರೆ 12 ವೋಲ್ಟಿನ ಅಡಾಪ್ಟರ್ ಇದೆ, ಅದು ಸಾಯುತ್ತದೆ. ರೂಟರಿಗೆ ಹಾಕುವ ಸಣ್ಣ 12 ವೋಲ್ಟಿನ ಯುಪಿಎಸ್ ಸಿಗುತ್ತದಲ್ಲ, ಅದನ್ನೇ ಟ್ಯೂನರಿಗೆ ಕೊಟ್ಟೆ.

ಇಷ್ಟಾದ ಮೇಲೆ ಮೇ ತಿಂಗಳಲ್ಲಿ ಶುರುವಾದದ್ದು ಚಿತ್ರ ಚೂರು ಚೂರಾಗುವ ಕಾಟ. ದಿನವೂ ಅಲ್ಲ. ಬೆಳಗ್ಗೆ ರೆಕಾರ್ಡ್ ಆದದ್ದು ಚೊಕ್ಕ, ಸಂಜೆ ನಾಲ್ಕರಿಂದ ಆರರವರೆಗಿನದ್ದು ಮಾತ್ರ ಚೌಕ ಚೌಕ. ಟಿವಿಹೆಡ್ಎಂಡ್ ಪ್ರತಿ ರೆಕಾರ್ಡಿಂಗ್ ಎದುರು ಎಷ್ಟು ಡೇಟಾ ತಪ್ಪು ಬಂತು ಅಂತ ಬರೆದಿಡುತ್ತದೆ. ಬೆಳಗ್ಗೆ ಸೊನ್ನೆ, ಸಂಜೆ ನೂರಾರು. ಮಳೆ ಇನ್ನೂ ಬಂದಿಲ್ಲ. ಡಿಶ್‌ಗೆ ಬರುವ ಕೆಯು ಬ್ಯಾಂಡಿನ ಸಿಗ್ನಲ್ ಜೋರು ಮಳೆಗೆ ಸೋರುವುದು ಎಲ್ಲರಿಗೂ ಗೊತ್ತು, ಆದರೆ ಬಿಸಿಲಲ್ಲಿ ಯಾಕೆ?

ಒಂದು ಸಂಜೆ ಫೋನಿನಲ್ಲಿ ಸಿಗ್ನಲ್ ಪುಟ ತೆರೆದುಕೊಂಡು ಟೆರೇಸಿನ ಮೇಲೆ ಕೂತೆ. 12 ಡೆಸಿಬಲ್ ಇದ್ದದ್ದು ಇದ್ದಕ್ಕಿದ್ದ ಹಾಗೆ 7ಕ್ಕೆ ಬೀಳುತ್ತದೆ, ಎರಡು ಸೆಕೆಂಡಿಗೆ ಮೇಲೆ ಬರುತ್ತದೆ, ಮತ್ತೆ ಬೀಳುತ್ತದೆ. ತಲೆ ಎತ್ತಿ ನೋಡಿದೆ. ಪಡುವಣ ಗಾಳಿ ಬೀಸಲು ಶುರುವಾಗಿತ್ತು. ಅಂಗಳದ ಮೂಲೆಯ ತೆಂಗಿನ ಮರದ ಒಂದು ಮಡಲು ಹೋಗುತ್ತದೆ, ಬರುತ್ತದೆ, ಹೋಗುತ್ತದೆ. ಫೋನಿನ ಸಂಖ್ಯೆಯೂ ಅದೇ ತಾಳಕ್ಕೆ ಕುಣಿಯುತ್ತಿದೆ. ಹತ್ತು ನಿಮಿಷ ನೋಡುತ್ತಾ ಕೂತೆ, ನಿಜ ಹೇಳಬೇಕೆಂದರೆ ಖುಷಿಯಾಯಿತು.

ಆದರೆ ಅಷ್ಟು ಎತ್ತರದ ಮಡಲು ಹೇಗೆ ಅಡ್ಡ ಬರುತ್ತದೆ? ಡಿಶ್ ನೋಡಿದರೆ ಅಷ್ಟು ಮೇಲೆ ಮುಖ ಮಾಡಿದ ಹಾಗೆ ಕಾಣುವುದಿಲ್ಲ. ಫ್ರೀ ಡಿಶ್ ಬರುವುದು ಜಿಸ್ಯಾಟ್-15ರಿಂದ, 2015ರಲ್ಲಿ ಹಾರಿಸಿದ್ದು, ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ ನಿಂತಿದೆ. ಕಾಸರಗೋಡು ಇರುವುದು 75ರಲ್ಲಿ. ಲೆಕ್ಕ ಹಾಕಿದರೆ ನಮ್ಮ ಅಂಗಳದಿಂದ ಅದು ಆಗ್ನೇಯಕ್ಕೆ, ಉತ್ತರದಿಂದ ಸುಮಾರು 123 ಡಿಗ್ರಿ, ನೆಲದಿಂದ 64 ಡಿಗ್ರಿ ಮೇಲೆ. ಎಲ್‌ಎನ್‌ಬಿ ನಡುವಿನಿಂದ ಕೆಳಗೆ ಸರಿದಿರುವ ಆಫ್‌ಸೆಟ್ ಡಿಶ್ ಆದ್ದರಿಂದ ತಟ್ಟೆ ನೋಡಲು ಅದಕ್ಕಿಂತ ತುಂಬಾ ನೆಟ್ಟಗೆ ಕಾಣುತ್ತದೆ, ಕಣ್ಣಿಗೆ ಮೋಸ. 64 ಡಿಗ್ರಿ ಅಂದರೆ ಒಂದು ಮೀಟರ್ ದೂರ ಹೋದರೆ ಎರಡು ಮೀಟರ್ ಏರು. ಮರ ಡಿಶ್‌ನಿಂದ ಆರು ಮೀಟರ್ ದೂರ. ಅಲ್ಲಿಗೆ ಕಿರಣ ಡಿಶ್‌ಗಿಂತ 12 ಮೀಟರ್ ಮೇಲೆ, ಟೆರೇಸಿನ ನಾಲ್ಕು ಸೇರಿಸಿ 16. ಸರಿಯಾಗಿ ಮರದ ತಲೆ.

ಆ ಮಡಲು ಕಡಿಸಿದರೆ ಮೂರು ತಿಂಗಳಿಗೆ ಇನ್ನೊಂದು ಅದೇ ಜಾಗಕ್ಕೆ ಬಾಗುತ್ತದೆ. ಮರವನ್ನೇ ಕಡಿಯುವ ಮಾತು ಅಮ್ಮನ ಎದುರು ಎತ್ತುವ ಧೈರ್ಯ ನನಗಿಲ್ಲ, ಅದು ಅಜ್ಜಿ ನೆಟ್ಟದ್ದು. ಡಿಶ್ಶನ್ನೇ ಟೆರೇಸಿನ ಆ ತುದಿಗೆ ನಾಲ್ಕು ಮೀಟರ್ ಸರಿಸಿದೆ. ಸರಿಸುವಾಗ ಒಂದು ಪಾಠ ಸಿಕ್ಕಿತು: ನಮ್ಮ ಊರಿನಲ್ಲಿ ಎಲ್‌ಎನ್‌ಬಿಯನ್ನು ನೆಟ್ಟಗೆ ಇಡುವುದಲ್ಲ, ಸುಮಾರು 55 ಡಿಗ್ರಿ ತಿರುಗಿಸಬೇಕು. ಭೂಮಧ್ಯ ರೇಖೆಗೆ ಹತ್ತಿರ ಇದ್ದು ಉಪಗ್ರಹ ಪಕ್ಕಕ್ಕಿದ್ದರೆ ಅಲೆ ಅಷ್ಟು ವಾಲಿ ಬರುತ್ತದೆ. ಮೊದಲು ಕಟ್ಟಿದವರು ಅರ್ಧ ಮಾತ್ರ ತಿರುಗಿಸಿದ್ದರು ಅಂತ ಕಾಣುತ್ತದೆ, ಸೆಟ್‌ಟಾಪಿಗೆ ಅದು ನಡೆಯುತ್ತಿತ್ತು. ಪೂರ್ತಿ ತಿರುಗಿಸಿದ ಮೇಲೆ 12 ಇದ್ದದ್ದು 14ರ ಹತ್ತಿರ ಬಂತು. ಒಂದು ಸ್ಪ್ಯಾನರಿನ ಕೆಲಸ.

ಇನ್ನು ಹಂಚುವ ಭಾಗ. ಮೊದಲು ಮನೆಯೊಳಗೆ ವಿಡಿಯೋ ಹಂಚುವ ಜೆಲ್ಲಿಫಿನ್ ತಂತ್ರಾಂಶ ಹಾಕಿ ನೋಡಿದೆ. ನೋಡಲು ಬಹಳ ಚಂದ, ಪೋಸ್ಟರ್ ಎಲ್ಲ ಬರುತ್ತದೆ. ಆದರೆ ನಾನು ಸೆಟ್ಟಿಂಗ್ ಸರಿಯಾಗಿ ನೋಡದೆ ಪ್ರತಿ ಟಿವಿಗೂ ವಿಡಿಯೋವನ್ನು ಹೊಸದಾಗಿ ಕರಗಿಸಿ ಎರಕ ಹೊಯ್ಯುವ ಹಾಗೆ ಬಿಟ್ಟಿದ್ದೆ. ಹಳೇ ಲ್ಯಾಪ್‌ಟಾಪಿನ ಫ್ಯಾನು ಅಡುಗೆಮನೆಯ ಮಿಕ್ಸಿ ಜೊತೆ ಪೈಪೋಟಿಗೆ ನಿಂತಿತು. ಆಗಲೇ ತೀರ್ಮಾನ ಮಾಡಿದೆ: ಆಕಾಶದಿಂದ ಬಂದದ್ದನ್ನು ಬಂದ ಹಾಗೇ ಇಡುವುದು. ಫ್ರೀ ಡಿಶ್‌ನಲ್ಲಿ ವಿಡಿಯೋ ಕುಗ್ಗಿಸುವ ವಿಧಾನ ಕೆಲವು ಚಾನೆಲ್‌ಗೆ ಎಂಪೆಗ್-2, ಕೆಲವಕ್ಕೆ ಎಚ್.264. ಎರಡನ್ನೂ ನಮ್ಮ ಟಿವಿ ತಾನೇ ಬಿಡಿಸಿಕೊಳ್ಳುತ್ತದೆ, ಫೋನಿನಲ್ಲಿ ವಿಎಲ್‌ಸಿಯಂಥ ವಿಡಿಯೋ ಆ್ಯಪ್ ಇದ್ದರೆ ಸಾಕು. ಮತ್ತೆ ನಾನು ಯಾಕೆ ಮಧ್ಯದಲ್ಲಿ ಕೈ ಹಾಕಬೇಕು? ಚಿತ್ರದ ಗುಣವೂ ಕೆಡುವುದಿಲ್ಲ.

ಚಾವಡಿಯ ಟಿವಿಗೆ ಮನೆಯ ನೆಟ್‌ವರ್ಕಿನಲ್ಲಿ ವಿಡಿಯೋ ಹಂಚುವ ಡಿಎಲ್‌ಎನ್‌ಎ ಪದ್ಧತಿ ಮಾತ್ರ ಬರುತ್ತದೆ, ಹಾಗಾಗಿ ಸರ್ವರಿನಲ್ಲಿ ಮಿನಿಡಿಎಲ್‌ಎನ್‌ಎ ಹಾಕಿದೆ. ಮಾಳಿಗೆಯಲ್ಲಿ ರಾಸ್‌ಬೆರಿ ಪೈ 3 ಎಂಬ ಪುಟ್ಟ ಕಂಪ್ಯೂಟರ್, ಅದರಲ್ಲಿ ವಿಡಿಯೋ ತೋರಿಸುವ ಕೋಡಿ, ಅದು ಟಿವಿಹೆಡ್ಎಂಡ್ ಜೊತೆ 9982 ಪೋರ್ಟಿನಲ್ಲಿ ನೇರ ಮಾತಾಡುತ್ತದೆ. ಪೈ 3ರಲ್ಲಿ ಎಂಪೆಗ್-2ನ್ನು ಚಿಪ್ ಬಿಡಿಸಬೇಕಾದರೆ ದುಡ್ಡು ಕೊಟ್ಟು ಲೈಸೆನ್ಸ್ ಕೀ ತರಬೇಕಿತ್ತು, ಆದರೆ ಸಾದಾ 576 ಗೆರೆಯ ಚಿತ್ರವನ್ನು ಅದರ ಪ್ರೊಸೆಸರೇ ಕಷ್ಟವಿಲ್ಲದೆ ಬಿಡಿಸುತ್ತದೆ, ಕೀ ಬೇಕಾಗಲಿಲ್ಲ. ಅಮ್ಮನ ಫೋನಿನಲ್ಲಿ ವಿಎಲ್‌ಸಿ.

ಚಾವಡಿಯಲ್ಲಿ ಉಗ್ರಾಣ ಕಾಣಿಸಿತು. ಒಂದು ಹದಿನೈದು ನಿಮಿಷ. ಆಮೇಲೆ ಪಟ್ಟಿಯಿಂದ ಮಾಯ. ಸರ್ವರನ್ನು ನಿಲ್ಲಿಸಿ ಶುರು ಮಾಡಿದರೆ ಮತ್ತೆ ಬರುತ್ತದೆ, ಮತ್ತೆ ಮಾಯ. ಡಿಎಲ್‌ಎನ್‌ಎ ಕೆಲಸ ಮಾಡುವುದು ಹೇಗೆಂದರೆ ಸರ್ವರ್ ಆಗಾಗ 239.255.255.250 ಎಂಬ ಮಲ್ಟಿಕಾಸ್ಟ್ (ಕೇಳುವವರಿಗೆಲ್ಲ ಒಟ್ಟಿಗೆ ತಲುಪುವ) ವಿಳಾಸಕ್ಕೆ, 1900 ಪೋರ್ಟಿನಲ್ಲಿ, "ನಾನಿದ್ದೇನೆ" ಅಂತ ಕೂಗುತ್ತಾ ಇರುತ್ತದೆ. ಮಿನಿಡಿಎಲ್‌ಎನ್‌ಎ ಕೂಗುವುದು 895 ಸೆಕೆಂಡಿಗೆ ಒಮ್ಮೆ, ಅಂದರೆ ಸುಮಾರು ಹದಿನೈದು ನಿಮಿಷ. ಆ ಕೂಗು ಟಿವಿಗೆ ಕೇಳದಿದ್ದರೆ ಟಿವಿ ಅದನ್ನು ಪಟ್ಟಿಯಿಂದ ತೆಗೆದುಬಿಡುತ್ತದೆ. ನನ್ನಲ್ಲಿ ಎರಡು ತಪ್ಪು ಒಟ್ಟಿಗೆ ಸೇರಿದ್ದವು. ಲ್ಯಾಪ್‌ಟಾಪಿನಲ್ಲಿ ವೈಫೈ, ವಯರ್ ಎರಡೂ ಚಾಲೂ ಇದ್ದವು, ಯಾವುದರಲ್ಲಿ ಕೂಗಬೇಕು ಅಂತ ನಾನು ಹೇಳಿರಲಿಲ್ಲ. ಮತ್ತೆ ನೆಟ್‌ವರ್ಕ್ ವಯರುಗಳನ್ನು ಕೂಡಿಸುವ ಸ್ವಿಚ್ಚಿನಲ್ಲಿ ಐಜಿಎಂಪಿ ಸ್ನೂಪಿಂಗ್, ಅಂದರೆ ಯಾರು ಕೇಳುತ್ತಿದ್ದಾರೆ ಅಂತ ಗಮನಿಸುವ ಏರ್ಪಾಡು, ಚಾಲೂ ಇತ್ತು, ಅದು ಯಾರೂ ಕೇಳುತ್ತಿಲ್ಲ ಅಂದುಕೊಂಡು ಮಲ್ಟಿಕಾಸ್ಟನ್ನು ತಡೆಯುತ್ತಿತ್ತು. ವೈಫೈ ಆಫ್, ಸ್ನೂಪಿಂಗ್ ಆಫ್, ಕೂಗುವ ಅಂತರ 60 ಸೆಕೆಂಡ್. ಮತ್ತೆ ಮಾಯ ಆಗಿಲ್ಲ. ಕೆಂಪುಕಲ್ಲಿನ ಎರಡು ಗೋಡೆ ದಾಟಿ ವೈಫೈ ತರುವ ಆಸೆ ಅವತ್ತೇ ಬಿಟ್ಟೆ, ಮಾಡಿನ ಕೆಳಗಿನಿಂದ ಕ್ಯಾಟ್ 6 ವಯರನ್ನು ಪೈಪಿನೊಳಗೆ ಎಳೆದೆ. ಪೈಪ್ ಯಾಕೆಂದರೆ ಇಲಿ.

ಈಗ 26 ಗಂಟೆಗೆ ಬರೋಣ.

ಅಪ್ಪ ಕೂಗಿದ ಆ ಸೋಮವಾರ ಫೈಲನ್ನು ಲ್ಯಾಪ್‌ಟಾಪಿನಲ್ಲೇ, ವಿಡಿಯೋದ ವಿವರ ಹೇಳುವ ಎಫ್‌ಎಫ್‌ಪ್ರೋಬ್‌ಗೆ ಕೊಟ್ಟು ನೋಡಿದೆ. ಅವಧಿ ಒಂದು ಗಂಟೆ ಹತ್ತು ನಿಮಿಷ. ಸರಿಯಾಗೇ ಇದೆ! ಮಾಳಿಗೆಯ ಕೋಡಿಯಲ್ಲೂ ಸರಿ. ಚಾವಡಿಯ ಟಿವಿಯಲ್ಲಿ ಮಾತ್ರ 26 ಗಂಟೆ. ಹಾಗಾದರೆ ಟಿವಿಯದ್ದೇ ತಪ್ಪು ಅಂತ ಹೇಳಿ ಎದ್ದುಬಿಡುವವನಿದ್ದೆ. ಆದರೆ ಅದೇ ಟಿವಿಯಲ್ಲಿ ಹಿಂದಿನ ದಿನದ್ದು, ಅದರ ಹಿಂದಿನ ದಿನದ್ದು ಚೆನ್ನಾಗಿ ಓಡುತ್ತದಲ್ಲ? ಕ್ಯಾಲೆಂಡರ್ ತೆಗೆದುಕೊಂಡು ಬಂದು ಪಕ್ಕದಲ್ಲಿಟ್ಟೆ. ಗುಣಿಸು ಗುರುತುಗಳ ನಡುವೆ ಎಂಟು, ಒಂಬತ್ತು, ಹತ್ತು ದಿನ. ಮಳೆಗೂ ಅದಕ್ಕೂ ಸಂಬಂಧ ಇಲ್ಲ. ಕರೆಂಟು ಹೋದ ದಿನಗಳಿಗೂ ಇಲ್ಲ.

ಎಫ್‌ಎಫ್‌ಪ್ರೋಬ್ ತೋರಿಸಿದ್ದರಲ್ಲಿ ಇನ್ನೊಂದು ಸಂಖ್ಯೆ ಇತ್ತು, ನಾನು ಯಾವಾಗಲೂ ದಾಟಿಸಿ ಬಿಡುವಂಥದ್ದು. ಶುರುವಿನ ಸಮಯ: 93561 ಸೆಕೆಂಡ್. ಫೈಲ್ ಶುರುವಾಗುವುದು ಸೊನ್ನೆಯಿಂದ ಅಲ್ವಾ? ಅಲ್ಲ. ಟಿವಿ ಪ್ರಸಾರ ಬರುವ ಟ್ರಾನ್ಸ್‌ಪೋರ್ಟ್ ಸ್ಟ್ರೀಮ್ (ಟಿಎಸ್) ರೂಪದಲ್ಲಿ ಪ್ರತಿ ಚಿತ್ರಕ್ಕೂ ಒಂದು ಸಮಯದ ಮುದ್ರೆ ಇರುತ್ತದೆ, ಪಿಟಿಎಸ್ ಅಂತ. ಅದು ಪ್ರಸಾರ ಕೇಂದ್ರದಲ್ಲಿ ವಿಡಿಯೋ ಕುಗ್ಗಿಸುವ ಎನ್‌ಕೋಡರಿನ ಗಡಿಯಾರ, ನಾವು ರೆಕಾರ್ಡ್ ಒತ್ತಿದ್ದು ಅದಕ್ಕೆ ಗೊತ್ತಿಲ್ಲ, ಅದರ ಪಾಡಿಗೆ ಅದು ಓಡುತ್ತಿರುತ್ತದೆ. ಆ ಸಂಖ್ಯೆಗೆ ಇರುವ ಜಾಗ 33 ಬಿಟ್. ಒಂದು ಸೆಕೆಂಡಿಗೆ 90000 ಹೆಜ್ಜೆ. 33 ಬಿಟ್‌ನಲ್ಲಿ ಎಣಿಸಬಹುದಾದದ್ದು 858 ಕೋಟಿ ಚಿಲ್ಲರೆ. ಅದನ್ನು 90000ದಿಂದ ಭಾಗಿಸಿದರೆ 95443 ಸೆಕೆಂಡ್. ಗಂಟೆ ಮಾಡಿದೆ: 26 ಗಂಟೆ, 30 ನಿಮಿಷ, 43 ಸೆಕೆಂಡ್.

ಆ ಸಂಖ್ಯೆ ಕಾಗದದ ಮೇಲೆ ಬಂದಾಗ ಪೆನ್ನು ಕೆಳಗಿಟ್ಟೆ.

ಹಳೇ ಸ್ಕೂಟರಿನ ಮೀಟರ್ 99999 ಆದ ಮೇಲೆ ಸೊನ್ನೆಗೆ ಬರುತ್ತದಲ್ಲ, ಇದೂ ಹಾಗೇ. 26 ಗಂಟೆ 30 ನಿಮಿಷಕ್ಕೊಮ್ಮೆ ಎನ್‌ಕೋಡರಿನ ಗಡಿಯಾರ ಸುತ್ತಿ ಸೊನ್ನೆಗೆ ಬರುತ್ತದೆ. ನೇರ ಪ್ರಸಾರ ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ, ಅದು ಸ್ಟ್ಯಾಂಡರ್ಡಿನಲ್ಲೇ ಇರುವ ನಡೆ. ಆದರೆ ನಮ್ಮ ರೆಕಾರ್ಡಿಂಗಿನ ಮಧ್ಯದಲ್ಲಿ ಅದು ಸುತ್ತಿದರೆ ಫೈಲಿನಲ್ಲಿ 93561ರಿಂದ ಹತ್ತಿ 95443ಕ್ಕೆ ಮುಟ್ಟಿ ಅಲ್ಲಿಂದ ಸೊನ್ನೆಗೆ ಬೀಳುತ್ತದೆ. ಎಫ್‌ಎಫ್‌ಪ್ರೋಬ್ ಜಾಣ, ಸುತ್ತಿದ್ದನ್ನು ಅರ್ಥ ಮಾಡಿಕೊಂಡು ಕೂಡಿಸಿ ಹೇಳುತ್ತದೆ, ಅದಕ್ಕೇ ನನಗೆ ತಪ್ಪು ಕಾಣಲಿಲ್ಲ. ಅದರ ಆ ಜಾಣತನವನ್ನು ಆಫ್ ಮಾಡಿ ಮತ್ತೆ ಓಡಿಸಿದೆ, ಆಗ ಸಂಖ್ಯೆ ಬಿದ್ದದ್ದು ಕಣ್ಣೆದುರೇ ಕಂಡಿತು. ಟಿವಿ ಪಾಪ ಫೈಲಿನ ಅತಿ ದೊಡ್ಡ ಸಂಖ್ಯೆಯಿಂದ ಅತಿ ಸಣ್ಣದನ್ನು ಕಳೆದು ಅದೇ ಅವಧಿ ಅಂದುಕೊಂಡಿರಬೇಕು. ಇನ್ನು ಸುತ್ತುವ ಮೊದಲು ಓಡಿದ್ದೆಷ್ಟು? 95443ರಿಂದ 93561 ಕಳೆಯಿರಿ, 1882 ಸೆಕೆಂಡ್, 31 ನಿಮಿಷ. ಭಾಗವತರ ಬಾಯಿ ತೆರೆದಲ್ಲೇ ನಿಂತದ್ದೂ ಅಲ್ಲೇ.

ಕ್ಯಾಲೆಂಡರೂ ಈಗ ಮಾತಾಡಿತು. ದಿನಕ್ಕೆ ನಾವು ರೆಕಾರ್ಡ್ ಮಾಡುವುದು ಸುಮಾರು ಮೂರು ಗಂಟೆ. ಇಪ್ಪತ್ತಾರೂವರೆಯನ್ನು ಮೂರರಿಂದ ಭಾಗಿಸಿದರೆ ಒಂಬತ್ತು ದಿನಕ್ಕೊಮ್ಮೆ ಸುತ್ತು ನಮ್ಮ ರೆಕಾರ್ಡಿಂಗಿನೊಳಗೆ ಬೀಳಬೇಕು. ತಿಂಗಳಿಗೆ ಮೂರು ಗುಣಿಸು ಗುರುತು. ಅಪ್ಪ ಹಾಲಿನ ಲೆಕ್ಕದಲ್ಲಿ ತಪ್ಪುವವರಲ್ಲ, ಇದರಲ್ಲೂ ತಪ್ಪಿರಲಿಲ್ಲ.

ಆದರೂ ಲೆಕ್ಕ ಹೊಂದಿತು ಅಂತ ನಂಬಿಬಿಡಲು ಮನಸ್ಸಾಗಲಿಲ್ಲ. ಮೊದಲೇ ಹೇಳಿ ತೋರಿಸಬೇಕು. ಆ ರೆಕಾರ್ಡಿಂಗ್ ಶುರುವಾದದ್ದು ಭಾನುವಾರ ರಾತ್ರಿ 9:30ಕ್ಕೆ, ಸುತ್ತಿದ್ದು 10 ಗಂಟೆ ಒಂದು ನಿಮಿಷಕ್ಕೆ. ಅಲ್ಲಿಂದ ಒಂಬತ್ತು ಸುತ್ತು ಕೂಡಿಸಿದರೆ ಮುಂದಿನ ವಾರದ ಬುಧವಾರ ರಾತ್ರಿ 8 ಗಂಟೆ 38 ನಿಮಿಷದ ಹತ್ತಿರ ಬರಬೇಕು. ಅಪ್ಪನಿಗೆ ಹೇಳಿದೆ: "ಬುಧವಾರ ಎಂಟೂವರೆಗೆ ಒಂದು ಇಡ್ತೇನೆ, ಎಂಟು ನಿಮಿಷಕ್ಕೆ ನಿಲ್ತದೆ, ನೋಡಿ." ಅಪ್ಪ ಕ್ಯಾಲೆಂಡರಿನಲ್ಲಿ ಬುಧವಾರದ ಚೌಕದಲ್ಲಿ ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದರು. "ಕೆಡ್ತದೆ ಅಂತ ಗೊತ್ತಿದ್ದು ರೆಕಾರ್ಡ್ ಮಾಡುವುದು ಎಂತಕ್ಕೆ?" ಅಂತ ಅಮ್ಮ ಕೇಳಿದ್ದಕ್ಕೆ ನಮ್ಮಿಬ್ಬರಲ್ಲೂ ಉತ್ತರ ಇರಲಿಲ್ಲ. ಮಧ್ಯದಲ್ಲಿ ಎನ್‌ಕೋಡರನ್ನು ಯಾರಾದರೂ ನಿಲ್ಲಿಸಿ ಶುರು ಮಾಡಿದರೆ ನನ್ನ ಲೆಕ್ಕವೆಲ್ಲ ಹೊಳೆಗೆ, ಆ ಹೆದರಿಕೆ ಇತ್ತು. ಗುರುವಾರ ಬೆಳಗ್ಗೆ ಕಾಫಿ ಕುಡಿಯುತ್ತಾ ಹಾಕಿದೆವು. ಎಂಟು ನಿಮಿಷ ಆಗುವಾಗ ಚಿತ್ರ ನಿಂತಿತು. ಅವಧಿ 26 ಗಂಟೆ 30 ನಿಮಿಷ. ಅಪ್ಪ ಪ್ರಶ್ನೆ ಚಿಹ್ನೆಯ ಮೇಲೆ ಗುಣಿಸು ಗುರುತು ಎಳೆದರು, ಸ್ವಲ್ಪ ಜೋರಾಗಿಯೇ.

ಸರಿ ಮಾಡುವುದು ಐದು ನಿಮಿಷದ ಕೆಲಸ. ಟಿವಿಹೆಡ್ಎಂಡ್‌ನಲ್ಲಿ ರೆಕಾರ್ಡಿಂಗ್ ಮುಗಿದ ಮೇಲೆ ಯಾವ ಕಮಾಂಡ್ ಓಡಿಸಬೇಕು ಅಂತ ಬರೆಯುವ ಜಾಗ ಇದೆ, ಫೈಲಿನ ಹೆಸರನ್ನು ಅದೇ ಕೊಡುತ್ತದೆ. ಅಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಇಟ್ಟೆ. ಸ್ಕ್ರಿಪ್ಟ್ ವಿಡಿಯೋ ಫೈಲ್ ತಿದ್ದುವ ಎಫ್‌ಎಫ್‌ಎಂಪೆಗ್‌ಗೆ ಫೈಲನ್ನು ಕೊಟ್ಟು, ವಿಡಿಯೋ ಆಡಿಯೋ ಎರಡನ್ನೂ ಮುಟ್ಟದೆ ನಕಲು ಮಾಡು, ಬರೀ ಹೊಸ ಪೆಟ್ಟಿಗೆಗೆ ತುಂಬು ಅನ್ನುತ್ತದೆ. ಹೊಸ ಟಿಎಸ್ ಫೈಲಿನಲ್ಲಿ ಸಮಯದ ಮುದ್ರೆ ಸೊನ್ನೆಯ ಹತ್ತಿರದಿಂದ ಶುರುವಾಗಿ ಕೊನೆವರೆಗೆ ಏರುತ್ತಲೇ ಹೋಗುತ್ತದೆ. ಚಿತ್ರ ಬಂದದ್ದು ಬಂದ ಹಾಗೇ ಇರುತ್ತದೆ, ಫ್ಯಾನೂ ಎದ್ದೇಳುವುದಿಲ್ಲ, ಒಂದು ಗಂಟೆಯದ್ದು ಒಂದು ನಿಮಿಷದೊಳಗೆ ಮುಗಿಯುತ್ತದೆ. ಹೊಸ ಫೈಲ್ ಸರಿಯಾಗಿ ಆದರೆ ಮಾತ್ರ ಅದನ್ನು ಹಳೆಯದರ ಹೆಸರಿಗೆ ತರುತ್ತದೆ. ಈ "ಸರಿಯಾಗಿ ಆದರೆ ಮಾತ್ರ" ಅನ್ನುವುದನ್ನು ಮೊದಲ ದಿನ ಬರೆಯಲಿಲ್ಲ, ನಕಲು ಮಧ್ಯದಲ್ಲೇ ನಿಂತ ಒಂದು ರಾತ್ರಿ ಒಳ್ಳೆಯ ಫೈಲಿನ ಮೇಲೆ ಅರ್ಧ ಫೈಲ್ ಕೂತಿತು. ಒಂದು ತಾಳಮದ್ದಳೆ ಹೋಯಿತು. ಅಪ್ಪನಿಗೆ ಇನ್ನೂ ಹೇಳಿಲ್ಲ.

ಹೊಸ ಫೈಲನ್ನು ಬೇರೆ ಫೋಲ್ಡರಿನಲ್ಲಿ ಮಾಡಿ ಆಮೇಲೆ ಸರಿಸುವುದು ಒಳ್ಳೆಯದು, ಇಲ್ಲದಿದ್ದರೆ ಅರ್ಧಂಬರ್ಧ ಇರುವಾಗಲೇ ಮಿನಿಡಿಎಲ್‌ಎನ್‌ಎ ಅದನ್ನು ಪಟ್ಟಿಗೆ ಸೇರಿಸಿಬಿಡುತ್ತದೆ. ಮತ್ತೆ ಫೋಲ್ಡರುಗಳು ಜಾಸ್ತಿ ಇದ್ದರೆ ಕರ್ನಲ್ ಎಷ್ಟನ್ನು ಕಾಯಬೇಕು ಎಂಬ ಐನೋಟಿಫೈ ಮಿತಿಯನ್ನೂ ಏರಿಸಿಡಿ.

ಉಳಿದದ್ದು ಸಿಡಿಲು. ತುಲಾ ತಿಂಗಳ ಸಂಜೆಯ ಗುಡುಗು ಶುರುವಾಗುವ ಮೊದಲು ಡಿಶ್‌ನ ಕಂಬಕ್ಕೂ ವಯರಿಗೂ ಅರ್ತ್ ಕೊಡಬೇಕು. ಟೆರೇಸಿನಿಂದ ಇಳಿಯುವ ವಯರ್ ನೇರ ಉಗ್ರಾಣಕ್ಕೆ ಬರುತ್ತದೆ, ಅಲ್ಲಿಂದ ಕ್ಯಾಟ್ 6 ಇಡೀ ಮನೆಗೆ. ಹಿಂದೊಮ್ಮೆ ಫೋನ್ ಲೈನಿನಲ್ಲಿ ಬಂದ ಸಿಡಿಲು ರೂಟರನ್ನೂ ಟಿವಿಯನ್ನೂ ಒಟ್ಟಿಗೆ ಕೊಂಡುಹೋಗಿತ್ತು. ತಾಮ್ರದ ರಾಡು ತಂದಾಗಿದೆ, ಬಾವಿಕಟ್ಟೆಯ ಪಕ್ಕದ ಒದ್ದೆ ನೆಲದಲ್ಲಿ ಊರುವುದು ಅಂತ ಆಗಿದೆ. ಕೆಂಪುಕಲ್ಲು ಎಷ್ಟು ಆಳಕ್ಕೆ ಸಿಗುತ್ತದೆ ನೋಡಬೇಕು. ಅಷ್ಟರವರೆಗೆ ಗುಡುಗು ಕೇಳಿದ ಕೂಡಲೇ ಓಡಿಹೋಗಿ ಟ್ಯೂನರಿನ ವಯರ್ ಬಿಚ್ಚುವ ಕೆಲಸವನ್ನು ಅಮ್ಮ ವಹಿಸಿಕೊಂಡಿದ್ದಾರೆ. ಅಪ್ಪ ಅದಕ್ಕೆ ಕ್ಯಾಲೆಂಡರಿನಲ್ಲಿ ಬೇರೆ ಗುರುತು ಶುರು ಮಾಡಿದ್ದಾರೆ, ಸಣ್ಣ ಸೊನ್ನೆ.